ಮೇಷ್ಟ್ರ ಹಿಂದೆ ಕೂತವಳು

ಕಛೇರಿಯ ಫೋಟೋಗಳಲ್ಲಿ ತಂಬೂರಿ ನುಡಿಸುವವರ ಮುಖ ಅರ್ಧವೇ ಕಾಣುವುದು ವಾಡಿಕೆ. ನಮ್ಮ ದೊಡ್ಡಮ್ಮನದು ಅಷ್ಟೂ ಕಾಣುವುದಿಲ್ಲ. ಮುಂದೆ ಮೇಷ್ಟ್ರು ಬಲಗೈ ಎತ್ತಿ ಹಾಡುತ್ತಿರುತ್ತಾರೆ. ಅವರ ಹೆಗಲಿನ ಹಿಂದೆ ಒಂದು ಫೋಟೋದಲ್ಲಿ ತಂಬೂರಿಯ ಬಿರಡೆಗಳು, ಇನ್ನೊಂದರಲ್ಲಿ ತಂತಿ ಮೀಟುವ ಎರಡು ಬೆರಳು, ಮತ್ತೊಂದರಲ್ಲಿ ಒಂದು ಎಡಗಿವಿ ಮಾತ್ರ. ಆ ಕಿವಿಯನ್ನು ತೋರಿಸಿ ನಮ್ಮಮ್ಮ, "ನೋಡು, ಈ ಫೋಟೋದಲ್ಲಿ ನಿಮ್ಮ ದೊಡ್ಡಮ್ಮ ಪೂರ್ತಿ ಬಂದಿದಾಳೆ" ಎನ್ನುತ್ತಿದ್ದಳು. ಅಕ್ಕನನ್ನು ಕೆಣಕಲು ಆಡುತ್ತಿದ್ದ ಆ ಮಾತಿಗಿಂತ ನಿಖರವಾದ ಪರಿಚಯವನ್ನು ನಾನು ಬರೆಯಲಾರೆ.

ದೊಡ್ಡಮ್ಮ ಮೇಷ್ಟ್ರ ಬಳಿಗೆ ಹೋದದ್ದು ಹಾಡು ಕಲಿಯಲು. ಕಲಿಕೆ ಚೆನ್ನಾಗಿಯೇ ಸಾಗಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಗಂಟಲಿಗೆ ಬಂದ ಯಾವುದೋ ಕಾಯಿಲೆ ವಾಸಿಯಾಯಿತು, ದನಿ ಮಾತ್ರ ವಾಪಸಾಗಲಿಲ್ಲ. ಮೇಲಿನ ಸ್ವರಕ್ಕೆ ಹೋದರೆ ಹರಿದ ಬಟ್ಟೆಯ ಹಾಗೆ ಎರಡಾಗುತ್ತಿತ್ತು. ಇನ್ನು ಬರುವುದಿಲ್ಲವೆಂದು ಹೇಳಲು ಹೋದವಳಿಗೆ ಮೇಷ್ಟ್ರು ಮೂಲೆಯಲ್ಲಿದ್ದ ತಂಬೂರಿ ತೋರಿಸಿದರಂತೆ. "ಇದನ್ನ ಹಿಡಿಯೋಕೆ ದನಿ ಬೇಡ, ಕಿವಿ ಬೇಕು. ಅದು ನಿನಗಿದೆ. ಇಲ್ಲಿ ಹಾಡೋ ಎಷ್ಟೋ ಜನಕ್ಕಿಲ್ಲ." ಅಂದು ಹಿಡಿದದ್ದನ್ನು ಮೇಷ್ಟ್ರು ತೀರಿಕೊಳ್ಳುವವರೆಗೆ ಅವಳು ಬೇರೆಯವರ ಕೈಗೆ ಕೊಡಲಿಲ್ಲ. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. "ಅವಳಿಗಾಗಲೇ ನಾಲ್ಕು ತಂತಿಯ ಗಂಡ ಇದಾನೆ, ಸುಮ್ಮನೆ ಒಂದು ಮೂಲೆಯಲ್ಲಿ ನಿಂತಿರ್ತಾನೆ, ಊಟ ಕೇಳಲ್ಲ" ಎಂದು ಅಮ್ಮ ನಗುತ್ತಿದ್ದಳು.

ಹೊಟ್ಟೆಪಾಡಿಗೆ ಅವಳಿಗಿದ್ದದ್ದು ಪಿಂಗಾಣಿ ಕಾರ್ಖಾನೆಯ ಕೆಲಸ. ಒಲೆಯಲ್ಲಿ ಬೆಂದು, ಆರಿ, ಕೊನೆಯ ಕೋಣೆಗೆ ಬಂದ ತಟ್ಟೆಗಳನ್ನು ಅವಳು ಎಡಗೈಯ ಮೂರು ಬೆರಳ ತುದಿಯ ಮೇಲೆ ಕೂರಿಸಿ, ಬಲಗೈಯ ಮರದ ಕಡ್ಡಿಯಿಂದ ಅಂಚಿಗೆ ಒಮ್ಮೆ ತಟ್ಟುತ್ತಿದ್ದಳು. ಗಟ್ಟಿ ತಟ್ಟೆ ಸ್ವಲ್ಪ ಹೊತ್ತು ಗುನುಗುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಸದ್ದು ಹುಟ್ಟಿದಲ್ಲೇ ಸಾಯುತ್ತದೆ. ಗುನುಗಿದ್ದು ಬಲಕ್ಕೆ, ಸತ್ತದ್ದು ಎಡಕ್ಕೆ. ದಿನವಿಡೀ ಇದೇ ಕೆಲಸ. ಸಂಜೆ ಕೈ ತೊಳೆದುಕೊಂಡು ನೇರವಾಗಿ ಮೇಷ್ಟ್ರ ಮನೆಗೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಅಕ್ಕನ ಎರಡು ಕೋಣೆಯ ಮನೆ ಸೇರಿದ್ದರಿಂದ ನಾನು ಬೆಳೆದದ್ದು ಈ ದಿನಚರಿಯ ಪಕ್ಕದಲ್ಲೇ. ನಮ್ಮ ಮನೆಯಲ್ಲಿ ಹೊಸ ಲೋಟ ತಂದರೂ ಮೊದಲು ದೊಡ್ಡಮ್ಮನ ಉಗುರಿನ ಪೆಟ್ಟು ತಿನ್ನಬೇಕಿತ್ತು.

ಅವಳ ಕಿವಿಯ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಎರಡು ಸ್ವರಗಳನ್ನು ಅಕ್ಕಪಕ್ಕ ಕೇಳಿ ಯಾವುದು ಮೇಲು, ಯಾವುದು ಕೆಳಗೆ ಎನ್ನುವುದು ಅಭ್ಯಾಸವಿದ್ದವರೆಲ್ಲರಿಗೂ ಸಾಧ್ಯ. ಒಂದೇ ಸ್ವರವನ್ನು, ಹೋಲಿಕೆಗೆ ಏನೂ ಇಲ್ಲದೆ, ನೆನಪಿನಿಂದಲೇ ಇದು ಇಂಥದ್ದು ಎಂದು ಗುರುತಿಸುವವರು ಬಹಳ ಅಪರೂಪ. ದೊಡ್ಡಮ್ಮ ಅಂಥವಳು. ಸಂಗೀತಗಾರರು ಶ್ರುತಿಯನ್ನು ಮನೆಗಳಲ್ಲಿ ಅಳೆಯುತ್ತಾರೆ. ಹಾರ್ಮೋನಿಯಮ್ಮಿನ ಮೊದಲ ಬಿಳಿ ಕೀಲಿ ಒಂದು ಮನೆ, ಅದರ ಪಕ್ಕದ ಕಪ್ಪು ಕೀಲಿ ಒಂದೂವರೆ. ಮೇಷ್ಟ್ರದು ಒಂದೂವರೆ ಮನೆ. ಯಾವ ಕೊಳಲೂ ಪೆಟ್ಟಿಗೆಯೂ ಇಲ್ಲದೆ ದೊಡ್ಡಮ್ಮ ತಂತಿಯನ್ನು ನೇರವಾಗಿ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದಳು. ಯಾರಾದರೂ ಶ್ರುತಿಪೆಟ್ಟಿಗೆ ತೆಗೆದರೆ ಮೇಷ್ಟ್ರು, "ಅದನ್ನ ಒಳಗಿಡಿ, ಇವಳು ಬಂದಾಯ್ತಲ್ಲ" ಎನ್ನುತ್ತಿದ್ದರು. ಅವಳಿಗೆ ಜೀವಮಾನದಲ್ಲಿ ಸಿಕ್ಕ ದೊಡ್ಡ ಬಿರುದು ಅದೇ.

ಮೇಷ್ಟ್ರು ಹೋದ ಮೇಲೆ ಶಿಷ್ಯರು ಸೇರಿ ವರ್ಷಕ್ಕೊಮ್ಮೆ ಅವರ ನೆನಪಿನ ದಿನ ನಡೆಸತೊಡಗಿದರು. ಭಾಷಣ, ಶಿಷ್ಯರ ಹಾಡು, ಎಲ್ಲ ಕಡೆ ಇರುವಂಥದ್ದೇ. ಆದರೆ ಆರಂಭ ಮಾತ್ರ ಬೇರೆಲ್ಲೂ ಇಲ್ಲದಂಥದ್ದು. ವೇದಿಕೆಯ ನಡುವೆ ಮೇಷ್ಟ್ರು ಕೂರುತ್ತಿದ್ದ ಹಳೆಯ ಜಮಖಾನ. ಅದರ ಮೇಲೆ ಯಾರೂ ಇಲ್ಲ. ಅದರ ಹಿಂದೆ, ಎಂದಿನ ಜಾಗದಲ್ಲಿ, ದೊಡ್ಡಮ್ಮ. ಅವಳು ಒಬ್ಬಳೇ ಸ್ವಲ್ಪ ಹೊತ್ತು ತಂಬೂರಿ ಮೀಟುತ್ತಾಳೆ. ಸಭೆ ನಿಶ್ಶಬ್ದವಾದ ಮೇಲೆ ಹಿರಿಯ ಶಿಷ್ಯ ಪಕ್ಕದ ಮೇಜಿನ ಮೇಲಿದ್ದ ಟೇಪ್ ಯಂತ್ರದ ಗುಂಡಿ ಒತ್ತುತ್ತಾನೆ. ಮೇಷ್ಟ್ರ ಸಾವೇರಿ ಆಲಾಪನೆ ಶುರುವಾಗುತ್ತದೆ. ಅವರ ಭಾವಮೈದುನ ಎಂದೋ ಮನೆಯಲ್ಲೇ ಹಿಡಿದಿಟ್ಟ ಟೇಪು ಅದು. ಕಿವಿಗೊಟ್ಟು ಕೇಳಿದರೆ ಆ ದನಿಯ ಹಿಂದೆ ದೊಡ್ಡಮ್ಮನ ಅಂದಿನ ತಂಬೂರಿಯೂ ಸಣ್ಣಗೆ ಕೇಳುತ್ತಿತ್ತು. ಹೀಗೆ ಸತ್ತವರ ದನಿಗೆ ಬದುಕಿದ್ದವಳು ಶ್ರುತಿ ಹಿಡಿಯುತ್ತಿದ್ದಳು.

ಸತ್ತವರು ಬರುತ್ತಾರೆಂದು ನಂಬುವವನು ನಾನಲ್ಲ. ದೊಡ್ಡಮ್ಮನೂ ಅಂಥ ಮಾತುಗಳಿಗೆ ಸೊಪ್ಪು ಹಾಕುವವಳಾಗಿರಲಿಲ್ಲ. ಆದರೂ ಕಾರ್ಯಕ್ರಮ ಮುಗಿಸಿ ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅವಳು ಪ್ರತಿ ವರ್ಷ ಹೇಳುತ್ತಿದ್ದದ್ದು ಒಂದೇ ಮಾತು: "ಬಂದಿದ್ರು." ನಾನು ಕಾಲೇಜಿನ ಹುರುಪಿನಲ್ಲಿ ಒಮ್ಮೆ, ಎರಡು ಕಂಪನಗಳು ಹೊಂದಿಕೊಂಡಾಗ ಮಿದುಳಿಗೆ ಹಾಗನ್ನಿಸುತ್ತದೆ ಎಂದು ವಿವರಿಸಲು ಹೋದೆ. ಅವಳು ತಾಳ್ಮೆಯಿಂದ ಕೇಳಿ, "ಶ್ರುತಿ ಸೇರೋದು ಬೇರೆ ಕಣೋ, ಅವರು ಬರೋದು ಬೇರೆ. ಸೇರೋದು ನನಗೆ ಯಾರ ಜೊತೆಗಾದ್ರೂ ಆಗುತ್ತೆ" ಎಂದಳು. ವರ್ಷದ ಉಳಿದ ದಿನಗಳೆಲ್ಲ ಅವಳಿಗೆ ಆ ಅರ್ಧ ಗಂಟೆಯ ಮುಂಚಿನವು ಅಥವಾ ನಂತರದವು ಆಗಿದ್ದವು.

ಅವಳಿಗೆ ಅರವತ್ತೈದು ದಾಟಿದ ಮೇಲೆ ಮನೆಯಲ್ಲಿ ಸಣ್ಣ ಸಣ್ಣ ದೂರುಗಳು ಶುರುವಾದವು. ಬಾಗಿಲಿನ ಗಂಟೆಯನ್ನು ಯಾರೋ ಬದಲಾಯಿಸಿದ್ದಾರೆ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅವನು ಮುಚ್ಚಳ ಬಿಚ್ಚಿ ನೋಡಿ, "ಅಮ್ಮಾ, ಹಾಕಿದಾಗಿನಿಂದ ಇದೇ ಗಂಟೆ. ಒಳಗೆ ಒಂದು ಹಲ್ಲಿ ಸತ್ತಿದೆ, ಅದು ಬೇಕಾದ್ರೆ ಹೊಸದು" ಎಂದು ಹೇಳಿ ಹೋದ. ರೇಡಿಯೋದವರು ಅವಸರದಲ್ಲಿ ಮಾತಾಡುತ್ತಾರೆ ಎಂದಳು. ಅಮ್ಮನ ಮಾತು ಗುಬ್ಬಿಯ ಹಾಗೆ ಕೇಳುತ್ತದೆ ಎಂದಳು.

"ನೋಡೋ," ಅಮ್ಮ ನನ್ನೆದುರು ದೂರಿದಳು, "ಹುಟ್ಟಿದಾಗಿನಿಂದ ನನ್ನನ್ನ ಎಮ್ಮೆ ದನಿಯವಳೇ ಅಂತಿದ್ಳು. ಈಗ ಗುಬ್ಬಿಯಂತೆ. ವಯಸ್ಸಾದ ಮೇಲಾದ್ರೂ ಬಡ್ತಿ ಸಿಕ್ತು."

ಆ ವರ್ಷಗಳಲ್ಲಿ ನೆನಪಿನ ದಿನ ಮಾತ್ರ ಸರಾಗವಾಗಿಯೇ ನಡೆಯಿತು. ಏಕೆ ನಡೆಯಿತು ಎನ್ನುವುದು ನಮಗೆ ಆಮೇಲೆ ತಿಳಿಯಿತು. ಹಿರಿಯ ಶಿಷ್ಯನ ಟೇಪ್ ಯಂತ್ರಕ್ಕೆ ವೇಗವನ್ನು ತುಸು ಹೆಚ್ಚು ಕಡಿಮೆ ಮಾಡುವ ಒಂದು ತಿರುಗುಗುಂಡಿ ಇತ್ತು. ಟೇಪಿನ ದನಿ ದೊಡ್ಡಮ್ಮನ ತಂಬೂರಿಗಿಂತ ಕೂದಲೆಳೆಯಷ್ಟು ಮೇಲಿದೆ ಎನ್ನಿಸಿದಾಗ ಅವನು ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದ್ದ. ಮರುವರ್ಷ ಇನ್ನೊಂದಿಷ್ಟು. ಯಂತ್ರದ ಪಟ್ಟಿ ಸವೆದಿದೆ ಎಂದುಕೊಂಡಿದ್ದನಂತೆ. ತಂಬೂರಿ ತಪ್ಪಿರಬಹುದು ಎಂಬ ಯೋಚನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ಸುಳಿಯುವುದು ಹೇಗೆ? ಮೇಷ್ಟ್ರೇ ಪೆಟ್ಟಿಗೆ ಒಳಗಿಡಿಸಿದ ಕಿವಿ ಅದು.

ಆ ಯಂತ್ರ ಕೆಟ್ಟುಹೋಗಿ, ಟೇಪು ಕಂಪ್ಯೂಟರಿಗೆ ಇಳಿದ ವರ್ಷ ಸಭೆಯ ಎದುರೇ ಅನಾಹುತವಾಯಿತು. ಕಂಪ್ಯೂಟರಿಗೆ ತಿರುಗುಗುಂಡಿ ಇರಲಿಲ್ಲ. ದೊಡ್ಡಮ್ಮ ಎಂದಿನಂತೆ ನೆನಪಿನಿಂದ ಶ್ರುತಿ ಮಾಡಿಕೊಂಡು ಮೀಟುತ್ತಿದ್ದಳು. ಮೇಷ್ಟ್ರ ದನಿ ಬಂತು. ಅರ್ಧ ಮನೆ ಮೇಲೆ ಬಂತು. ಅರ್ಧ ಮನೆಯ ಅಂತರ ಎಂದರೆ ಹತ್ತಿರದ ಎರಡು ಸ್ವರಗಳು ಒಂದನ್ನೊಂದು ಕಚ್ಚುವ ದೂರ. ಸಂಗೀತ ಗೊತ್ತಿಲ್ಲದವರೂ ಮುಖ ಕಿವುಚಿದರು. ಟೇಪಿನೊಳಗಿನ ಅವಳ ಹಳೆಯ ತಂಬೂರಿ ಮತ್ತು ತೊಡೆಯ ಮೇಲಿನ ಈಗಿನ ತಂಬೂರಿ ಪರಸ್ಪರ ಜಗಳಕ್ಕೆ ಬಿದ್ದವು. ದೊಡ್ಡಮ್ಮನ ಬೆರಳು ನಿಂತಿತು. ಅವಳು ಮೀಟುವುದನ್ನು ನಡುವೆ ನಿಲ್ಲಿಸಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಅದನ್ನ ನಿಲ್ಸು," ಎಂದಳು ಹಿರಿಯ ಶಿಷ್ಯನಿಗೆ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. "ಮೇಷ್ಟ್ರನ್ನ ಓಡಿಸ್ತಿದೀರ. ಅವರು ಯಾವತ್ತು ಹೀಗೆ ಕಿರುಚಿದ್ರು?"

ಆಮೇಲೆ ಸಮಿತಿ ಸೇರಿತು. ಅಳತೆ ಮಾಡಿ ನೋಡಿದಾಗ ಟೇಪು ಒಂದೂವರೆ ಮನೆಯನ್ನೂ, ದೊಡ್ಡಮ್ಮನ ತಂಬೂರಿ ಒಂದು ಮನೆಯನ್ನೂ ತೋರಿಸಿತು. ಎರಡರಲ್ಲಿ ಒಂದು ತಪ್ಪು. ಅಂದಿನ ಪಕ್ಕವಾದ್ಯದವರು ಯಾರೂ ಉಳಿದಿರಲಿಲ್ಲ. ಹಳೆಯ ಟೇಪ್ ಯಂತ್ರಗಳ ವೇಗವನ್ನು ನಂಬಲಾಗದೆಂಬುದು ಎಲ್ಲರಿಗೂ ಗೊತ್ತಿತ್ತು, ಮೇಲಾಗಿ ಅಂದು ದನಿ ಹಿಡಿದ ಯಂತ್ರವನ್ನು ಭಾವಮೈದುನ ಯಾರಿಂದಲೋ ಹಳೆಯದಾಗಿಯೇ ತಂದಿದ್ದ. ಟೇಪೇ ತಪ್ಪು ಎಂದಾಯಿತು. ಮೇಷ್ಟ್ರು ಒಂದೂವರೆ ಮನೆಯವರೆಂದು ಎಲ್ಲರೂ ಹೇಳುತ್ತಿದ್ದದ್ದು ಬರೀ ಬಾಯಿಮಾತು, ನಿಜದಲ್ಲಿ ಅವರು ಹಾಡಿದ್ದು ಒಂದರಲ್ಲೇ ಎಂದೂ ಆಯಿತು. ಅದೇ ಯಂತ್ರದಲ್ಲಿ ಹಿಡಿದಿದ್ದ ಅವರ ಎಲ್ಲ ಧ್ವನಿಮುದ್ರಣಗಳನ್ನು ಅರ್ಧ ಮನೆ ಇಳಿಸಿ, 'ನಿಜ ಶ್ರುತಿಯಲ್ಲಿ' ಎಂಬ ತಲೆಬರಹದೊಂದಿಗೆ ಡಿಸ್ಕುಗಳ ಸಂಪುಟವಾಗಿ ಹೊರತಂದರು.

ಇಳಿಸಿದ ದನಿ ದಪ್ಪವಾಗಿತ್ತು, ನಿಧಾನವಾಗಿತ್ತು, ಸ್ವಲ್ಪ ದಣಿದಂತಿತ್ತು. ಕೇಳಿದವರು ಕಣ್ಣೊರೆಸಿಕೊಂಡರು. ಇದುವರೆಗೆ ನಾವು ಕೇಳಿದ್ದು ಅವರ ನೆರಳನ್ನು ಎಂದು ಒಬ್ಬರು ಪತ್ರಿಕೆಯಲ್ಲಿ ಬರೆದರು. ಶಿಷ್ಯರ ಶಿಷ್ಯರು ಹೊಟ್ಟೆಯಿಂದ ದಪ್ಪ ದನಿ ತೆಗೆದು ಹಾಡುವುದನ್ನು ಅಭ್ಯಾಸ ಮಾಡಿದರು. ಮೀಸೆ ಮೂಡದ ಹುಡುಗರು ಕೂಡ ಎಪ್ಪತ್ತರ ಮುದುಕರ ಹಾಗೆ ಎಳೆದೆಳೆದು ಹಾಡಿ ಶಹಬ್ಬಾಸ್ ಅನ್ನಿಸಿಕೊಂಡರು. ಮುಂದಿನ ಎರಡು ನೆನಪಿನ ದಿನಗಳಲ್ಲಿ ತಂಬೂರಿಗೂ ದನಿಗೂ ಎಳೆಯಷ್ಟೂ ಅಂತರವಿರಲಿಲ್ಲ. ದೊಡ್ಡಮ್ಮ ಮನೆಗೆ ಬಂದು ಮುಖ ಒರೆಸಿಕೊಂಡಳು. "ಬಂದಿದ್ರು."

ಮೇಷ್ಟ್ರು ಹುಟ್ಟಿದ ನೂರನೆಯ ವರ್ಷಕ್ಕೆ ಮೂಲ ಟೇಪುಗಳನ್ನು ಒಂದು ಸಂಗ್ರಹಾಲಯಕ್ಕೆ ಒಪ್ಪಿಸುವುದೆಂದು ಗೊತ್ತಾಯಿತು. ಅಲ್ಲಿ ಹಳೆಯ ಟೇಪುಗಳನ್ನು ದುರಸ್ತಿ ಮಾಡುವ ಒಬ್ಬ ಹುಡುಗಿಯಿದ್ದಳು. ಮೂವತ್ತರ ಆಸುಪಾಸು, ಕೊರಳಲ್ಲಿ ಸದಾ ಹೆಡ್‌ಫೋನು. ಒಂದು ದಿನ ಹಿರಿಯ ಶಿಷ್ಯ ನನಗೆ ಫೋನ್ ಮಾಡಿ, "ನೀವೂ ಬನ್ನಿ. ಅವಳೇನೋ ಹೇಳ್ತಾಳೆ, ನನಗೆ ಅರ್ಥವಾಗಿದೆ, ಆದ್ರೆ ಆಗಿಲ್ಲ ಅಂತ ಅನ್ನಿಸ್ಬೇಕು ಅಂತಿದೆ" ಎಂದ.

ನೆಲಮಾಳಿಗೆಯ ಕೋಣೆ. ಗೋಡೆಗೆ ದಪ್ಪ ಬಟ್ಟೆ. ಜಿಗುಟಾದ ಟೇಪುಗಳನ್ನು ಹದವಾದ ಬಿಸಿಯಲ್ಲಿ ಒಣಗಿಸುವ ಒಂದು ಪೆಟ್ಟಿಗೆ ಮೂಲೆಯಲ್ಲಿ ಸಣ್ಣಗೆ ಉಸಿರಾಡುತ್ತಿತ್ತು. ಹುಡುಗಿ ಮೇಷ್ಟ್ರ ಆಲಾಪನೆಯಲ್ಲಿ ಅವರು ಉಸಿರು ತೆಗೆದುಕೊಳ್ಳುವ ಒಂದು ಬಿಡುವನ್ನು ಆಯ್ದು, ದೊಡ್ಡದು ಮಾಡಿ ಕೇಳಿಸಿದಳು. ತಂಬೂರಿಯ ಅಡಿಯಲ್ಲಿ, ಬಹಳ ಕೆಳಗೆ, ಗುಂಯ್ ಎನ್ನುವ ಒಂದು ಸದ್ದು.

"ಇದು ಗೋಡೆಯೊಳಗಿನ ಕರೆಂಟು ಸರ್. ಮೈಕಿನ ವೈರಿಗೆ ಅಂಟ್ಕೊಂಡು ಬಂದುಬಿಡುತ್ತೆ. ಸೆಕೆಂಡಿಗೆ ಐವತ್ತು ಸಲ. ಆವತ್ತೂ ಅಷ್ಟೇ, ಇವತ್ತೂ ಅಷ್ಟೇ."

"ಸರಿ," ಎಂದೆ.

"ಟೇಪು ಜೋರಾಗಿ ಓಡ್ತಿದ್ರೆ ಮೇಷ್ಟ್ರ ದನಿ ಜೊತೆ ಈ ಗುಂಯ್ ಕೂಡ ಮೇಲೆ ಹೋಗ್ಬೇಕಿತ್ತು. ಮೂಲ ಟೇಪಿನಲ್ಲಿ ಇದು ಸರಿಯಾಗಿ ಐವತ್ತರಲ್ಲೇ ಕೂತಿದೆ. ನೀವು ಇಳಿಸಿದ್ದೀರಲ್ಲ, ಅದ್ರಲ್ಲಿ ನಲವತ್ತೇಳಕ್ಕೆ ಬಂದಿದೆ. ಅಷ್ಟು ಕೆಳಗೆ ಕರೆಂಟು ಬಂದಿದ್ರೆ ಊರೆಲ್ಲ ಕತ್ತಲಾಗಿರ್ತಿತ್ತು ಸರ್."

ಹಿರಿಯ ಶಿಷ್ಯ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. "ಅಂದ್ರೆ ನಾವು ಮಕ್ಕಳಿಗೆ ಕಲಿಸಿದ್ದು?"

"ನಿಧಾನ ಮಾಡಿದ ಮೇಷ್ಟ್ರನ್ನ," ಎಂದಳು ಹುಡುಗಿ. ಆಮೇಲೆ, ಮಾತು ಒರಟಾಯಿತೇನೋ ಎನ್ನಿಸಿ, "ಕೇಳೋಕೆ ಚೆನ್ನಾಗೇ ಇದೆ ಸರ್" ಎಂದು ಸೇರಿಸಿದಳು.

ಮೇಷ್ಟ್ರು ಹಾಡುವಾಗ ಅವರ ಹಿಂದೆ ಕೂತು ಶ್ರುತಿ ಹಿಡಿದವರು ಇಬ್ಬರು ಎಂದು ನನಗೆ ಆಗ ಹೊಳೆಯಿತು. ಒಬ್ಬಳು ದೊಡ್ಡಮ್ಮ. ಇನ್ನೊಂದು, ಯಾರೂ ಕರೆಯದೆ ಬಂದು, ಯಾರ ಗಮನಕ್ಕೂ ಬೀಳದೆ ಗೋಡೆಯೊಳಗೆ ಗುಂಯ್‌ಗುಡುತ್ತಿದ್ದ ವಿದ್ಯುತ್ತು. ಮೊದಲನೆಯವಳಿಗೆ ವಯಸ್ಸಾಗಿತ್ತು.

"ನೀವೇ ಹೇಳ್ಬೇಕು," ಎಂದ ಹಿರಿಯ ಶಿಷ್ಯ ಹೊರಗೆ ಬಂದ ಮೇಲೆ. "ಅಕ್ಕನ ಎದುರು ನನ್ನ ಬಾಯಿ ಬರಲ್ಲ. ನಾನು ಅವರ ಶ್ರುತಿಗೆ ಹಾಡಿ ದೊಡ್ಡವನಾದವನು."

ನಾನು ಮನೆಗೆ ಹೋದಾಗ ದೊಡ್ಡಮ್ಮ ಕಿಟಕಿಯ ಬಳಿ ತಂಬೂರಿಯನ್ನು ಮಲಗಿಸಿಕೊಂಡು ಜೀವಾಳದ ದಾರ ಬದಲಾಯಿಸುತ್ತಿದ್ದಳು. ತಂತಿಯ ಅಡಿಗೆ ಸಿಕ್ಕಿಸುವ ತುಂಡು ಹತ್ತಿ ದಾರ ಅದು. ಅದು ಸರಿಯಾದ ಜಾಗದಲ್ಲಿದ್ದರಷ್ಟೇ ತಂಬೂರಿ ಝೇಂಕರಿಸುತ್ತದೆ.

"ಟೇಪು ಸರಿಯಾಗೇ ಓಡಿದೆಯಂತೆ ದೊಡ್ಡಮ್ಮ."

"ಯಾರು ಹೇಳಿದ್ದು?"

"ಕರೆಂಟು."

ಅವಳು ತಲೆಯೆತ್ತದೆ ನಕ್ಕಳು. "ಕರೆಂಟಿಗೆ ಸಂಗೀತ ಬೇರೆ ಬರುತ್ತಾ?"

"ಬರಲ್ಲ. ಅದಕ್ಕೇ ಅದರ ಮಾತನ್ನ ನಂಬಬಹುದು."

ಎಲ್ಲವನ್ನೂ ಹೇಳಿದೆ. ಅವಳು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಕೇಳಿದಳು. ವಾದಿಸುತ್ತಾಳೆಂದು ನಾನು ಎಣಿಸಿದ್ದೆ. ಅವಳು, "ಹೋಗಿ ಬಾಗಿಲಿನ ಗಂಟೆ ಒತ್ತು" ಎಂದಳು. ಒತ್ತಿ ಬಂದೆ.

"ಇದೂ ಬದಲಾಗಿಲ್ಲ ಅನ್ನು."

"ಇಲ್ಲ."

"ರೇಡಿಯೋದವರು?"

"ಮೊದಲಿನ ಹಾಗೇ ಮಾತಾಡ್ತಾರೆ."

"ನಿಮ್ಮಮ್ಮ?"

ಅಡುಗೆಮನೆಯಿಂದ ಅಮ್ಮನೇ ಉತ್ತರಿಸಿದಳು: "ನಾನು ಎಮ್ಮೇನೇ ಕಣೇ. ಮೊದಲಿಂದ್ಲೂ ಎಮ್ಮೇನೇ." ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ದೊಡ್ಡಮ್ಮ ತಂಬೂರಿಗೆ ಬಟ್ಟೆ ಹೊದಿಸಿ ಎದ್ದಳು.

ಕಿವಿಯ ವೈದ್ಯೆ ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಸ್ವರಗಳನ್ನು ನೆನಪಿನಿಂದ ಗುರುತಿಸುವವರಲ್ಲಿ ಕೆಲವರಿಗೆ ವಯಸ್ಸಾದಂತೆ ಎಲ್ಲ ಸದ್ದೂ ಇದ್ದದ್ದಕ್ಕಿಂತ ಮೇಲೆ ಕೇಳತೊಡಗುತ್ತದೆ, ಅರ್ಧ ಮನೆ, ಒಂದು ಮನೆ, ಹೀಗೆ; ಒಳಗಿವಿ ಬಿಗಿಯಾಗುವುದು ಕಾರಣವಿರಬಹುದು, ಮಿದುಳಿರಬಹುದು, ಊಹೆಗಳಿವೆ, ಒಮ್ಮತವಿಲ್ಲ ಎಂದರು. ಉಳಿದವರಿಗೂ ಹೀಗಾಗುತ್ತಿರಬಹುದು, ಅವರಿಗೆ ಹೋಲಿಸಲು ನೆನಪಿಲ್ಲದ ಕಾರಣ ಗೊತ್ತಾಗುವುದಿಲ್ಲ. ಅಂದರೆ ದೊಡ್ಡಮ್ಮನನ್ನು ಕೆಡಿಸಿದ್ದು ಅವಳ ಕಿವಿಯಷ್ಟೇ ಅಲ್ಲ. ಕಿವಿ ಜಾರಿದಾಗಲೂ ಒಂದಿಂಚು ಅಲುಗಾಡದೆ ನಿಂತ ಅವಳ ನೆನಪು ಕೂಡ.

"ಇದಕ್ಕೊಂದು ಮೆಷಿನ್ ಕೊಡ್ತೀರಾ?" ಎಂದಳು ದೊಡ್ಡಮ್ಮ.

"ಜೋರಾಗಿ ಕೇಳ್ಸೋ ಮೆಷಿನ್ ಇದೆ ಅಮ್ಮ. ಇಳಿಸಿ ಕೇಳ್ಸೋದು ನಮ್ಮ ಹತ್ರ ಇಲ್ಲ."

"ಇಲ್ಲಿಗೇ ನಿಲ್ಲುತ್ತಾ?"

ವೈದ್ಯೆ ಪೆನ್ನಿನ ಮುಚ್ಚಳ ಹಾಕಿದರು. "ನಿಲ್ಲುತ್ತೆ ಅಂತ ಹೇಳಲಾರೆ."

ನೂರನೆಯ ವರ್ಷದ ನೆನಪಿನ ದಿನ ಮೂಲ ಟೇಪನ್ನೇ ಹಾಕುವುದೆಂದು ತೀರ್ಮಾನವಾಯಿತು. ದೊಡ್ಡಮ್ಮ ಬರುವುದಿಲ್ಲವೆಂದು ಎಲ್ಲರೂ ತಿಳಿದಿದ್ದರು. ಅವಳು ಬಂದಳು, ಎಲ್ಲರಿಗಿಂತ ಮುಂಚೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಹಿರಿಯ ಶಿಷ್ಯ ಶ್ರುತಿ ತೋರಿಸುವ ಸಣ್ಣ ಯಂತ್ರ ಹಿಡಿದು ಸಂಕೋಚದಿಂದ ನಿಂತಿದ್ದ.

"ಅಕ್ಕ, ನಾನು ಶ್ರುತಿ ಮಾಡಿ ಕೊಡ್ಲಾ?"

"ನನಗೆ ಕೈ ಬಿದ್ದುಹೋಗಿಲ್ಲ. ಆ ಮುಳ್ಳು ನನ್ನ ಕಡೆ ತಿರುಗಿಸು."

ಅವಳು ಮುಳ್ಳನ್ನು ನೋಡುತ್ತ ಬಿರಡೆ ತಿರುಗಿಸಿದಳು. ಅವಳು ಕಣ್ಣಿನಿಂದ ಶ್ರುತಿ ಮಾಡಿದ್ದು ಅದೇ ಮೊದಲು. ತನಗೆ ಪೂರ್ತಿ ತಪ್ಪೆಂದು ಕೇಳುವ ಕಡೆಗೆ ತಂತಿಯನ್ನು ಬಿಗಿಯುತ್ತ ಹೋದಳು; ಪ್ರತಿ ಸುತ್ತಿಗೂ ಅವಳ ದವಡೆ ಬಿಗಿಯುತ್ತಿತ್ತು. ಮುಳ್ಳು ನಡುವಿಗೆ ಬಂದು ನಿಂತಾಗ ಹಿರಿಯ ಶಿಷ್ಯ ನೆಲ ನೋಡುತ್ತಿದ್ದ.

ಖಾಲಿ ಜಮಖಾನದ ಹಿಂದೆ ಕೂತು ಮೀಟಿದಳು. ಸಭೆ ಸುಮ್ಮನಾಯಿತು. ಟೇಪು ಶುರುವಾಯಿತು. ಮೇಷ್ಟ್ರ ದನಿ ತೆಳ್ಳಗೆ, ಚುರುಕಾಗಿ, ಪ್ರಾಯದ ಹುಮ್ಮಸ್ಸಿನಲ್ಲಿ ಬಂದು ತಂತಿಯೊಳಗೆ ಸೇರಿಕೊಂಡಿತು. ಎಲ್ಲಿಯೂ ಅಂತರವಿಲ್ಲ. ಟೇಪಿನೊಳಗಿನ ಹಳೆಯ ತಂಬೂರಿ ಯಾವುದು, ಈಗಿನದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಅವಳು ಕೊನೆಯವರೆಗೂ ಒಂದು ಮೀಟನ್ನೂ ತಪ್ಪಿಸಲಿಲ್ಲ. ಚಪ್ಪಾಳೆ ಬಿದ್ದಾಗ ಜಮಖಾನದ ಕಡೆ ಕೂಡ ನೋಡದೆ ಎದ್ದು ಬಂದಳು.

ಹಿಂದಿರುಗುವಾಗ ಕಾರಿನಲ್ಲಿ ದೊಡ್ಡಮ್ಮ ಮುಂದೆ, ನನ್ನ ಪಕ್ಕ ಕೂತಳು.

"ಸೇರಿತ್ತಲ್ಲ ದೊಡ್ಡಮ್ಮ," ಎಂದೆ.

"ಸೇರಿತ್ತು. ಕೂದಲಷ್ಟೂ ಆಚೀಚೆ ಇರ್ಲಿಲ್ಲ." ಕಿಟಕಿಯಾಚೆ ನೋಡಿದಳು. "ಅವರು ಬರ್ಲಿಲ್ಲ."

ಹಿಂದಿನ ಸೀಟಿನಿಂದ ಅಮ್ಮ, "ಟ್ರಾಫಿಕ್ಕಿತ್ತೇನೋ ಬಿಡೇ" ಎಂದಳು. ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ದೊಡ್ಡಮ್ಮ ಅದಕ್ಕೆ ನಕ್ಕಳು. ನಗು ನಿಲ್ಲಿಸಲು ಅವಳಿಗೆ ಸ್ವಲ್ಪ ಕಷ್ಟವಾಯಿತು.

ಮರುವಾರ ತಂಬೂರಿಯನ್ನು ಹಿರಿಯ ಶಿಷ್ಯನ ಮಗಳಿಗೆ ಕೊಟ್ಟಳು. 'ನಿಜ ಶ್ರುತಿ'ಯ ಡಿಸ್ಕುಗಳನ್ನು ಸಮಿತಿ ಎಲ್ಲರಿಂದ ವಾಪಸು ತರಿಸಿಕೊಳ್ಳುತ್ತಿತ್ತು. ಒಂದೂ ಉಳಿಯದಂತೆ ಮುರಿದುಹಾಕಬೇಕೆಂದು ಅವರ ಹಟ. ನಮ್ಮ ಮನೆಯದನ್ನು ಒಯ್ಯಲು ಬಂದವನನ್ನು ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿ, ಕಳೆದುಹೋಗಿದೆ ಎಂದು ಕಳಿಸಿದಳು. ಆ ರಾತ್ರಿಯ ಊಟದ ಹೊತ್ತಿಗೆ ನನ್ನನ್ನು ಕೇಳಿದಳು: "ತಪ್ಪು ಅಂತ ಗೊತ್ತಿದ್ದೂ ಇಟ್ಕೊಂಡ್ರೆ ನಿನ್ನ ವಿಜ್ಞಾನ ಏನನ್ನುತ್ತೆ?"

ವಿಜ್ಞಾನ ಅದರ ಬಗ್ಗೆ ಏನೂ ಅನ್ನುವುದಿಲ್ಲ. ಲೆಕ್ಕ ಮಾತ್ರ ಸರಳವಾಗಿತ್ತು: ಅರ್ಧ ಮನೆ ಮೇಲೆ ಕೇಳುವ ಕಿವಿಗೆ ಅರ್ಧ ಮನೆ ಇಳಿಸಿದ ದನಿ ಹಾಕಿದರೆ, ಒಳಗೆ ಮುಟ್ಟುವುದು ಅಂದಿನ ಮೇಷ್ಟ್ರೇ. ಜಗತ್ತಿಗೆಲ್ಲ ತಪ್ಪಾದ ಆ ಡಿಸ್ಕು ಸರಿಯಾಗಿದ್ದದ್ದು ಅವಳೊಬ್ಬಳಿಗೆ. ನಾನು ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಕೇಳಿಸಿದೆ. ಅವಳು ಕಣ್ಣು ಮುಚ್ಚಿ, ಖಾಲಿ ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದಳು. ಮುಖ ಒರೆಸಿಕೊಂಡಳು. ಆ ಮಾತು ಹೇಳಲಿಲ್ಲ, ಆದರೆ ಹೇಳಿದಂತೆಯೇ ಇತ್ತು.

ವೈದ್ಯೆಯ ಸಂಶಯ ನಿಜವಾಯಿತು. ಮರುವರ್ಷ ಆ ದನಿಯೂ ಅವಳಿಗೆ ಮೇಲೆನ್ನಿಸಿತು. "ಒಂಚೂರು ಇಳಿಸೋ," ಎಂದಳು. ಇಳಿಸಿದೆ. ಕೆಲವು ತಿಂಗಳ ಮೇಲೆ ಇನ್ನೊಂದು ಚೂರು. ಅವಳು ಹಾಸಿಗೆ ಹಿಡಿದ ಮೇಲೆ ನಾನು ಪಕ್ಕದಲ್ಲಿ ಕೂತಾಗಲೆಲ್ಲ ಇದೇ ಕೆಲಸ. ಅವಳಿಗೆ ಮೇಷ್ಟ್ರು ಒಂದೂವರೆ ಮನೆಯಲ್ಲೇ ಹಾಡುತ್ತಿದ್ದರು. ನಮಗೆ ಅವರು ದಿನದಿನಕ್ಕೆ ನೆಲದಡಿಗೆ ಇಳಿಯುತ್ತಿದ್ದರು. ಮೊದಲು ಮುದುಕರಾದರು, ಆಮೇಲೆ ರೋಗಿಯಾದರು, ಆಮೇಲೆ ಮಾತೂ ಸ್ವರವೂ ಬೇರೆಯಾಗದೆ ನರಳುವ ಯಾವುದೋ ಆದರು. ಒಮ್ಮೆ ಅಮ್ಮ ಬಾಗಿಲಲ್ಲಿ ನಿಂತು, "ಏನೋ ಅದು, ನೀರಿನ ಮೋಟಾರು ಕೆಟ್ಟ ಹಾಗೆ?" ಎಂದು ಕೇಳಿ, ಅಕ್ಕನ ಬೆರಳು ಹೊದಿಕೆಯ ಮೇಲೆ ತಂತಿ ಮೀಟುತ್ತಿರುವುದನ್ನು ಕಂಡು ಸುಮ್ಮನೆ ಒಳಗೆ ಹೋದಳು.

ಅವಳು ತೀರಿಕೊಳ್ಳುವ ಮುಂಚಿನ ವಾರ, ಒಂದು ಮಧ್ಯಾಹ್ನ, ಮತ್ತೆ ಆ ಆಲಾಪನೆ ಹಾಕಿದ್ದೆ. "ಇನ್ನೊಂಚೂರು," ಎಂದಳು. ಇನ್ನೊಂದು ಚೂರು ಇಳಿಸಿದರೆ ಅದರಲ್ಲಿ ಮನುಷ್ಯ ಉಳಿಯುತ್ತಿರಲಿಲ್ಲ. ಮೇಷ್ಟ್ರ ದನಿಗೂ ಗೋಡೆಯ ಕರೆಂಟಿಗೂ ವ್ಯತ್ಯಾಸ ಇರುತ್ತಿರಲಿಲ್ಲ. ನಾನು ಕೀಲಿಯನ್ನು ಸುಮ್ಮನೆ ಮುಟ್ಟಿ, "ಇಳಿಸಿದೆ" ಎಂದೆ.

ಅವಳು ಸ್ವಲ್ಪ ಹೊತ್ತು ಕೇಳಿದಳು. ಒಂದರ ಪಕ್ಕ ಇನ್ನೊಂದನ್ನಿಟ್ಟು ತೂಗುವ ಅವಳ ಕಿವಿಗೆ ಕೊನೆಯವರೆಗೂ ಏನೂ ಆಗಿರಲಿಲ್ಲ.

"ಇಳಿಸಿಲ್ಲ ನೀನು."

"ಈಗ ಇಳಿಸ್ತೀನಿ ದೊಡ್ಡಮ್ಮ."

"ಬೇಡ." ಹೊದಿಕೆಯ ಮೇಲಿನ ಬೆರಳು ನಿಂತಿತು. "ಆರಿಸು ಸಾಕು. ಎಷ್ಟು ಅಂತ ಹಾಡಿಸ್ತೀಯ, ಅವರಿಗೂ ಸುಸ್ತಾಗಿರುತ್ತೆ."

ಆರಿಸಿದೆ.